ಒಂಬತ್ತನೇ ನಂಬರಿನ ಹುಡುಗಿ

ರಬ್ಬರು ಮತ್ತು ಕೊಬ್ಬರಿ ಬೆರೆತ ಒಂದು ವಾಸನೆ ಹ್ಯಾಝೆಲ್‌ಳ ನೆನಪಿನಲ್ಲಿ ಬಾಲ್ಯದಿಂದಲೂ ಕೂತುಬಿಟ್ಟಿತ್ತು. ಉಡುಪಿ ಕಡೆಯ ಆ ಕಾನ್ವೆಂಟ್ ಶಾಲೆಯಲ್ಲಿ ನಲವತ್ತು ಹುಡುಗಿಯರಿಗೆ ಇದ್ದದ್ದು ಒಂದೇ ಬ್ಯಾಸ್ಕೆಟ್‌ಬಾಲ್. ಸಿಸ್ಟರ್ ಅದನ್ನು ಕೊಬ್ಬರಿ ತುಂಬಿಡುವ ಕೋಣೆಯಲ್ಲಿಟ್ಟು ಬೀಗ ಹಾಕುತ್ತಿದ್ದರು. ಆಡಿ ಬಂದವರ ಅಂಗೈಯಿಂದ ಆ ವಾಸನೆ ಸೋಪು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಸಂಜೆ ಜಪಮಾಲೆಗೆ ಎಲ್ಲರೂ ಮೊಣಕಾಲೂರಿ ಕೂತಾಗ ಪಕ್ಕದಲ್ಲಿದ್ದ ಅಕ್ಕ ಗ್ರೆಟ್ಟಾಳ ಕೈಯಿಂದ ಅದು ಬರುತ್ತಿತ್ತು. ಹ್ಯಾಝೆಲ್‌ಳ ಕೈಗೆ ಅದು ಎಂದೂ ಹತ್ತಲಿಲ್ಲ. ಅಪ್ಪ ಕೊಂಡು ತಂದದ್ದು ಒಂದೇ ಜೊತೆ ಕ್ಯಾನ್ವಾಸ್ ಶೂ, ಅದು ಗ್ರೆಟ್ಟಾಳ ಅಳತೆಯದು. ಗ್ರೆಟ್ಟಾ ತಂಡ ಸೇರಿ, ಜಿಲ್ಲೆಗೆ ಆಡಿ, ಹೆಸರು ಮಾಡಿ ಬಿಟ್ಟ ಮೇಲೆ, ಹೆಬ್ಬೆರಳಿನ ಹತ್ತಿರ ತೂತಾದ ಆ ಶೂ ತಂಗಿಯ ಪಾಲಿಗೆ ಬಂತು. ಅಷ್ಟು ಹೊತ್ತಿಗೆ ತಂಡದಲ್ಲಿ ಜಾಗ ಇರಲಿಲ್ಲ...

ಸೌದಿಯ ಅಲ್ ಖೋಬರಿನ ಮೂರನೇ ಮಹಡಿಯ ಮನೆಯ ಅಡುಗೆಕೋಣೆಯಲ್ಲಿ, ಮೇ ತಿಂಗಳ ಒಂದು ಬೆಳಿಗ್ಗೆ, ಫೋನನ್ನು ಕಿವಿಗೆ ಒತ್ತಿ ಹಿಡಿದು ನಿಂತಿದ್ದ ಹ್ಯಾಝೆಲ್‌ಳಿಗೆ ಅದೇ ವಾಸನೆ ಎಲ್ಲಿಂದಲೋ ಬಂದು ಮೂಗಿಗೆ ಹೊಡೆದಂತಾಯಿತು. ಒಲೆಯ ಮೇಲೆ ಹಾಲು ಉಕ್ಕಿ ಚೆಲ್ಲುತ್ತಿತ್ತು. ಅವಳ ಗಮನ ಅತ್ತ ಇರಲಿಲ್ಲ. ಮಂಗಳೂರಿನ ಪಿಯು ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಕೋಚ್ ಝೊಹರಾ ಮೇಡಂ ವಾಟ್ಸಾಪಿನಲ್ಲಿ ಕಳಿಸಿದ್ದ ಮಾತನ್ನು ಅವಳು ಮೂರನೇ ಸಲ ಕೇಳುತ್ತಿದ್ದಳು.

"ಹ್ಯಾಝೆಲ್ ಅವ್ರೇ, ನೀವು ಕಳಿಸಿದ ವಿಡಿಯೋ ಪೂರ್ತಿ ನೋಡಿದೆ. ನಿಮ್ಮ ಮಗಳು ಚೆಂದ ಆಡ್ತಾಳೆ, ಇಲ್ಲ ಅಂತ ಅಲ್ಲ. ಆದ್ರೆ ಆ ಒಂಬತ್ತನೇ ನಂಬರಿನ ಹುಡುಗಿ ಯಾರು? ಅವಳ ಮನೆಯವರ ನಂಬರ್ ಸಿಗ್ತದಾ?"

ಒಂಬತ್ತನೇ ನಂಬರು ಜೋವಿಟಾಳದು. ಹ್ಯಾಝೆಲ್‌ಳ ಮೈದುನ ರೋಯ್ಸ್ಟನ್ ಮತ್ತು ವಾರಗಿತ್ತಿ ಬೆಲಿಂಡಾಳ ಒಬ್ಬಳೇ ಮಗಳು. ಅದೇ ಕಟ್ಟಡದ ನಾಲ್ಕನೇ ಮಹಡಿ, ಹ್ಯಾಝೆಲ್‌ಳ ಮನೆಯ ನೇರ ಮೇಲೆ. ಹ್ಯಾಝೆಲ್‌ಳ ಮಗಳು ಎಲ್ಸಾಳಿಗೂ ಜೋವಿಟಾಳಿಗೂ ಮೂರು ತಿಂಗಳಷ್ಟೇ ಅಂತರ. ಒಂದೇ ಇಂಡಿಯನ್ ಶಾಲೆ, ಒಂದೇ ಬಸ್ಸು, ಒಂದೇ ತಂಡ. ಹತ್ತನೇ ತರಗತಿ ಮುಗಿದ ಮೇಲೆ ಗಲ್ಫಿನ ಎಷ್ಟೋ ಮಕ್ಕಳನ್ನು ಊರಿನ ಪಿಯು ಕಾಲೇಜಿಗೆ ಕಳಿಸುವುದು ರೂಢಿ. ಆದರೆ ಈ ಕಾಲೇಜು ಹಾಗೆ ಸಿಗುವಂಥದ್ದಲ್ಲ. ಅಲ್ಲಿನ ಹುಡುಗಿಯರ ತಂಡ ರಾಜ್ಯಕ್ಕೆ ಆಡುವ ತಂಡ. ವರ್ಷಕ್ಕೆ ಐವರನ್ನು ಮಾತ್ರ ಕೋಚ್ ಸ್ವತಃ ಆರಿಸಿ, ಸೀಟು, ಹಾಸ್ಟೆಲು ಎಲ್ಲವನ್ನೂ ಕಾಲೇಜಿನಿಂದಲೇ ಕೊಡಿಸುತ್ತಿದ್ದರು. ನಾಲ್ಕು ಜಾಗ ಊರಿನಲ್ಲೇ ತುಂಬಿ ಉಳಿದದ್ದು ಒಂದು. ಅದು ಎಲ್ಸಾಳಿಗೆ ಎಂದು ಹ್ಯಾಝೆಲ್ ಜನವರಿಯಲ್ಲೇ ನಿರ್ಧರಿಸಿಬಿಟ್ಟಿದ್ದಳು. ಕೂದಲು ಬಿಳಿಯಾಗುತ್ತಿರುವ ಈ ಹೊತ್ತಿಗಾದರೂ ಒಂದು ಸಲ, ತನ್ನ ಮನೆಯ ಹೆಸರು ಮೊದಲು ಬರಲಿ ಎಂದು.

ವಿಡಿಯೋ ಎಂದರೆ ಮಕ್ಕಳ ಆ ಇಂಡಿಯನ್ ಶಾಲೆಯಲ್ಲಿ ಸುಲಭದ ಮಾತಲ್ಲ. ಹುಡುಗಿಯರ ವಿಭಾಗದ ಗೇಟಿನಿಂದ ಒಳಗೆ ಅಪ್ಪಂದಿರಿಗೆ ಪ್ರವೇಶವಿಲ್ಲ. ಪಂದ್ಯ ನೋಡಲು ಬರುವ ಅಮ್ಮಂದಿರು ಫೋನನ್ನು ಗೇಟಿನಲ್ಲೇ ಬಟ್ಟೆಯ ಚೀಲಕ್ಕೆ ಹಾಕಿ ಚೀಟಿ ಪಡೆಯಬೇಕು. ಪಂದ್ಯದ ವಿಡಿಯೋ ಕೇಳಿದ್ದ ಕಾಲೇಜಿನ ಪತ್ರ ತೋರಿಸಿ ಬೇಡಿಕೊಂಡ ಮೇಲೆ ಪ್ರಿನ್ಸಿಪಾಲರು ಒಬ್ಬ ತಾಯಿಗೆ ಮಾತ್ರ, ಒಂದು ಪಂದ್ಯಕ್ಕೆ ಮಾತ್ರ ಅನುಮತಿ ಕೊಟ್ಟರು. ಅದಕ್ಕೆ ತಂಡದ ಉಳಿದ ಹುಡುಗಿಯರ ತಾಯಂದಿರು ಸಹಿ ಹಾಕಬೇಕಿತ್ತು. ಆ ದಿನ ಬೆಲಿಂಡಾಳಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಅವಳು ನರ್ಸು. "ಅಕ್ಕ, ನೀವು ಇದ್ದರೆ ನಾನಿದ್ದ ಹಾಗೆ. ಇಬ್ಬರದ್ದೂ ಹಿಡೀರಿ" ಎಂದು ಯೂನಿಫಾರ್ಮಿನ ಜೇಬಿನ ಪೆನ್ನು ತೆಗೆದು, ಗೋಡೆಗೆ ಕಾಗದ ಒತ್ತಿ ಸಹಿ ಮಾಡಿ ಕೊಟ್ಟಿದ್ದಳು.

ಹ್ಯಾಝೆಲ್ ಇಬ್ಬರದ್ದೂ ಹಿಡಿಯಲಿಲ್ಲ. ಮೊದಲ ಸೀಟಿ ಊದಿದಾಗಿನಿಂದ ಕೊನೆಯ ಸೀಟಿಯವರೆಗೆ ಅವಳ ಫೋನು ಎಲ್ಸಾಳ ಬೆನ್ನ ಹಿಂದೆಯೇ ಓಡಿತು. ಎಲ್ಸಾ ಓಡಿದರೆ ಓಡಿತು, ನಿಂತರೆ ನಿಂತಿತು. ಜೋವಿಟಾ ಚೆಂಡು ಹಿಡಿದು ಮುನ್ನುಗ್ಗಿದಾಗಲೆಲ್ಲ ಅಮ್ಮಂದಿರು ಚಪ್ಪಾಳೆ ತಟ್ಟುತ್ತಿದ್ದರು. ಆಗೆಲ್ಲ ಹ್ಯಾಝೆಲ್ ಬಾಯೊಳಗೆ ಕೆನ್ನೆ ಕಚ್ಚಿಕೊಂಡು, ಕೈ ಅಲುಗದ ಹಾಗೆ ಫೋನನ್ನು ಮಗಳ ಮೇಲೆಯೇ ನಿಲ್ಲಿಸಿದ್ದಳು. ಇದರಲ್ಲಿ ತಪ್ಪೇನು, ಪ್ರತಿಯೊಬ್ಬ ತಾಯಿ ಮಾಡುವುದೂ ಇದನ್ನೇ ಅಲ್ಲವೇ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಇಷ್ಟು ಮಾಡಿಯೂ ಒಂಬತ್ತನೇ ನಂಬರು ಎಲ್ಲಿಂದ ಕಣ್ಣಿಗೆ ಬಿತ್ತು?

ಹಾಲಿನ ಸೀದ ವಾಸನೆ ಅಡುಗೆಕೋಣೆ ತುಂಬಿತು. ಹ್ಯಾಝೆಲ್ ಒಲೆ ಆರಿಸಿ, ಅಲ್ಲೇ ನಿಂತು ಮೇಡಂಗೆ ಟೈಪ್ ಮಾಡಿದಳು: ಅವಳು ನಮ್ಮ ಮೈದುನನ ಮಗಳು. ಊರಿಗೆ ಬಂದು ಓದುವ ಆಸಕ್ತಿ ಅವಳಿಗೂ ಇಲ್ಲ, ಅವರ ಮನೆಯವರಿಗೂ ಇಲ್ಲ. ಇಲ್ಲಿಯೇ ಹನ್ನೆರಡನೇ ತರಗತಿಯವರೆಗೆ ಓದಿಸುತ್ತಾರಂತೆ. ಬೆರಳು ಒಂದು ಕ್ಷಣ ನಿಂತಿತು. ಆಮೇಲೆ ಕಳಿಸಿಬಿಟ್ಟಳು. ಮೇಡಂ ಬೇಸರದಿಂದ, ಸರಿ ಹಾಗಾದರೆ ಶುಕ್ರವಾರ ಎಲ್ಸಾಳ ಜೊತೆ ವಿಡಿಯೋ ಕಾಲಿನಲ್ಲಿ ಮಾತಾಡುತ್ತೇನೆ, ಭಾನುವಾರ ಪಟ್ಟಿ ಕೊಡಬೇಕು ಎಂದು ಉತ್ತರ ಬರೆದರು.

ಅದೇ ದಿನ ಮಧ್ಯಾಹ್ನ ಬೆಲಿಂಡಾ ಬಂದಳು. ಡ್ಯೂಟಿ ಮುಗಿಸಿ ನೇರ ಬಂದಿದ್ದಳು, ಕಣ್ಣ ಕೆಳಗೆ ಕಪ್ಪು. ಎಲ್ಸಾಳ ಉಳುಕಿದ ಪಾದಕ್ಕೆ ಸುತ್ತಲು ಆಸ್ಪತ್ರೆಯ ಅಂಗಡಿಯಿಂದ ಒಳ್ಳೆಯ ಬ್ಯಾಂಡೇಜು ತಂದಿದ್ದಳು. ಹದಿನೈದು ದಿನದ ಹಿಂದಿನ ಉಳುಕು ಅದು. ಹ್ಯಾಝೆಲ್ ಮರೆತೇಬಿಟ್ಟಿದ್ದಳು. ಎಲ್ಸಾಳ ಕಾಲನ್ನು ತನ್ನ ಮಡಿಲಿಗೆ ಎಳೆದುಕೊಂಡು, ಹೇಗೆ ಸುತ್ತಬೇಕೆಂದು ತೋರಿಸಿಕೊಟ್ಟ ಮೇಲೆ ಬೆಲಿಂಡಾ ಮೆಲ್ಲಗೆ ಕೇಳಿದಳು.

"ಅಕ್ಕ, ಮೇಡಂ ಎಂತಾದ್ರೂ ಹೇಳಿದ್ರಾ?"

"ಇನ್ನೂ ಇಲ್ಲ. ಅವ್ರಿಗೆ ಎಷ್ಟೋ ಕಡೆಯಿಂದ ವಿಡಿಯೋ ಬರ್ತದಂತೆ."

"ಹೌದಲ್ವಾ. ನಮ್ಮ ಎಲ್ಸಾಳಿಗೆ ಸಿಕ್ಕಿದ್ರೂ ಸಾಕು ಅಕ್ಕ. ಒಬ್ಬಳಾದ್ರೂ ಹೋಗ್ಲಿ."

ಈ ಮಾತು ಹ್ಯಾಝೆಲ್‌ಳನ್ನು ಸುಟ್ಟ ಹಾಗೆ ಇನ್ನಾವ ಬೈಗುಳವೂ ಸುಡುತ್ತಿರಲಿಲ್ಲ. ಕೈತುಂಬ ಇದ್ದವರಿಗೆ ಬಿಟ್ಟುಕೊಡುವುದು ಎಷ್ಟು ಸುಲಭ! ಬೆಲಿಂಡಾಳಿಗೆ ಕೆಲಸವಿತ್ತು, ಅವಳ ಹೆಸರಿನದೇ ಇಕಾಮಾ, ಆ ದೇಶದಲ್ಲಿರುವ ಪರವಾನಗಿ, ಇತ್ತು. ಹ್ಯಾಝೆಲ್‌ಳ ಇಕಾಮಾದಲ್ಲಿ ಜಾರ್ಜ್‌ನ ಹೆಂಡತಿ ಎಂದಷ್ಟೇ ಇತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಕೂಡ, ಚಿಕ್ಕ ಸೊಸೆಯ ಕೈ ಹೂವಿನಂಥ ಕೈ ಎನ್ನುತ್ತಿದ್ದರು. ಕೆಳಗೆ ಗೇಟಿನ ಬಳಿ ಕೂರುವ ಕಾವಲುಗಾರ ಕೋಯ ಕೂಡ ಬೆಲಿಂಡಾಳನ್ನು ಕಂಡರೆ ಎದ್ದು ನಿಲ್ಲುತ್ತಿದ್ದ. ಅವನ ಹೆಂಡತಿಯ ರಿಪೋರ್ಟುಗಳನ್ನು ಓದಿ ಅರ್ಥ ಹೇಳಿದವಳು ಅವಳೇ. ಹ್ಯಾಝೆಲ್‌ಳಿಗಾಗಿ ಅವನು ಲಿಫ್ಟಿನ ಬಾಗಿಲಿಗೆ ಕಾಲು ಅಡ್ಡ ಕೊಟ್ಟು ಹಿಡಿಯುತ್ತಿದ್ದುದೂ ಉಂಟು. ಆದರೆ ಅಸೂಯೆಯ ಕಣ್ಣಿಗೆ ತನಗೆ ಸಿಕ್ಕ ಒಳ್ಳೆಯತನ ಯಾವತ್ತೂ ಕಾಣಿಸುವುದಿಲ್ಲವಲ್ಲ.

ಶುಕ್ರವಾರ ಎಲ್ಸಾ ಕೋಣೆಯ ಬಾಗಿಲು ಹಾಕಿಕೊಂಡು ಮೇಡಂ ಜೊತೆ ಅರ್ಧ ಗಂಟೆ ಮಾತಾಡಿದಳು. ಹೊರಗೆ ಬಂದು, ಸೀಟು ಕೊಡುತ್ತಾರಂತೆ ಎಂದಳು. ಜಾರ್ಜ್ ಮಗಳನ್ನು ಎತ್ತಿಬಿಡುವುದೊಂದು ಬಾಕಿ. ಅಂಗಡಿಯಿಂದ ಒಂದು ತಟ್ಟೆ ಕುನಾಫಾ ಸಿಹಿ ತಂದು, ಮೊದಲ ತುಂಡನ್ನು ಮಗಳ ಬಾಯಿಗೆ ತಾನೇ ಇಟ್ಟ. ಮೇಲಿನ ಮನೆಗೂ ಕೊಟ್ಟು ಬಾ ಎಂದು ಹ್ಯಾಝೆಲ್‌ಳಿಗೆ ಹೇಳಿದ. ಪಟ್ಟಿ ಬರುವವರೆಗೆ ಬೇಡ, ಕಣ್ಣು ಬೀಳುತ್ತದೆ ಎಂದು ಅವಳು ತಪ್ಪಿಸಿದಳು. ಆ ಸಂಜೆ ಇಡೀ ಅವಳು ಅಡುಗೆಕೋಣೆಯಲ್ಲಿ ಮೆಲ್ಲನೆ ಗುನುಗುತ್ತಿದ್ದಳು. ಮಗಳು ತಿಂದದ್ದು ಅದೊಂದೇ ತುಂಡು ಎಂಬುದನ್ನು ಗಮನಿಸಲಿಲ್ಲ.

ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಎಲ್ಸಾ ಬಡಿಸಿದ್ದನ್ನು ಮುಟ್ಟದೆ ಕೇಳಿದಳು.

"ಮಮ್ಮಿ, ಜೋವಿಗೆ ಇಂಟರೆಸ್ಟ್ ಇಲ್ಲ ಅಂತ ನೀನು ಹೇಳಿದ್ದಾ?"

ಜಾರ್ಜ್ ತಲೆಯೆತ್ತಿದ. "ಎಂತದು?"

"ಮೇಡಂ ಹೇಳಿದ್ರು ಡ್ಯಾಡಿ. ನಿನ್ನ ಕಸಿನ್ ಬರುದಾದ್ರೆ ಸೀಟು ಅವಳಿಗೇ ಕೊಡ್ತಿದ್ದೆ, ಅವಳಿಗೆ ಮನಸ್ಸಿಲ್ಲ ಅಂತ ನಿನ್ನ ಮಮ್ಮಿ ಬರೆದಿದ್ದಾರೆ ಅಂತ."

ಹ್ಯಾಝೆಲ್ ಅನ್ನದ ಪಾತ್ರೆಯ ಮುಚ್ಚಳ ಹಾಕಿದಳು. ಮತ್ತೆ ತೆಗೆದಳು. "ನಿನಗಾಗಿ ಮಾಡಿದ್ದು ನಾನು. ಒಂದೇ ಸೀಟು ಇದ್ದದ್ದು. ಅವಳಿಗೆ ಎಲ್ಲ ಉಂಟು... ನಿನಗೆ ಎಂತ ಉಂಟು?"

"ನನಗೆ ಜೋವಿ ಉಂಟು" ಎಂದಳು ಎಲ್ಸಾ. "ನಿನ್ನ ಮೇಲೆ ಮಾತ್ರ ಹಾಕುದಿಲ್ಲ ನಾನು. ಮೇಡಂ ಕೇಳಿದಾಗ ನಾನೂ ಹೌದು ಅಂದೆ. ಅವಳಿಗೆ ಇಲ್ಲೇ ಓದ್ಬೇಕಂತೆ ಅಂದೆ. ನನಗೆ ಖುಷಿಯಾಯ್ತು ಮಮ್ಮಿ. ನಿನ್ನೆ ರಾತ್ರಿವರೆಗೂ ಖುಷಿಯಾಗಿಯೇ ಇತ್ತು. ಅದೇ ಈಗ ಹೆದರಿಕೆ ಆಗುದು ನನಗೆ."

ಹದಿನೆಂಟು ವರ್ಷದ ಸಂಸಾರದಲ್ಲಿ ಜಾರ್ಜ್ ಹೆಂಡತಿಯ ಮೇಲೆ ದನಿಯೆತ್ತಿದವನಲ್ಲ, ಅಂದೂ ಎತ್ತಲಿಲ್ಲ. ತಟ್ಟೆಯನ್ನು ಮೆಲ್ಲನೆ ದೂರ ಸರಿಸಿದ. ಈ ದೇಶಕ್ಕೆ ಬಂದ ಮೊದಲ ವರ್ಷ ತನಗೆ ಕೆಲಸ ಹೋದಾಗ, ಎಂಟು ತಿಂಗಳು ತನ್ನನ್ನೂ ಹ್ಯಾಝೆಲ್‌ಳನ್ನೂ ಒಂದು ಮಾತೂ ಆಡದೆ ಸಾಕಿದವನು ರೋಯ್ಸ್ಟನ್ ಎಂಬುದನ್ನು ಅವನು ನೆನಪಿಸಲಿಲ್ಲ. ನೆನಪಿಸಿದ್ದರೆ ಹ್ಯಾಝೆಲ್‌ಳಿಗೆ ಜಗಳವಾಡಲು ಒಂದು ದಾರಿ ಸಿಗುತ್ತಿತ್ತು.

"ಮೇಲಿನ ಮನೆಗೆ ಇನ್ನು ನಾನು ಯಾವ ಮುಖ ಹೊತ್ತುಕೊಂಡು ಹೋಗುದು, ನೀನೇ ಹೇಳು" ಎಂದಷ್ಟೇ ಹೇಳಿ ಎದ್ದ.

ಹ್ಯಾಝೆಲ್ ಮಲಗುವ ಕೋಣೆಗೆ ಹೋಗಿ ಮಂಚದ ತುದಿಯಲ್ಲಿ ಕೂತಳು. ಅವಳಿಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ, ಸಿಟ್ಟು. ಅಷ್ಟೊಂದು ಏನಿದೆ ಆ ಹುಡುಗಿಯಲ್ಲಿ ಎಂಬ ಸಿಟ್ಟು. ಕಾಲೇಜಿಗೆ ಕಳಿಸಿದ ಮೇಲೆ ಅಳಿಸಬೇಕೆಂದು ಪ್ರಿನ್ಸಿಪಾಲರು ಹೇಳಿದ್ದರೂ ಅವಳು ಆ ವಿಡಿಯೋ ಅಳಿಸಿರಲಿಲ್ಲ. ಎಷ್ಟೋ ಸಲ ನೋಡಿದ್ದಳು. ನೋಡಿದಾಗಲೆಲ್ಲ ಎಲ್ಸಾಳನ್ನು ಮಾತ್ರ ನೋಡಿದ್ದಳು. ಈಗ ಹಲ್ಲು ಕಚ್ಚಿಕೊಂಡು, ಜೋವಿಟಾಳ ತಪ್ಪು ಹುಡುಕುವುದಕ್ಕೆಂದೇ ಮೊದಲಿನಿಂದ ಹಾಕಿದಳು.

ಜೋವಿಟಾ ಅದರಲ್ಲಿ ಇರಲೇ ಇಲ್ಲ. ಇದ್ದದ್ದು ಒಂದು ಕೈ. ಚಿತ್ರದ ಅಂಚಿನಿಂದ, ಒಮ್ಮೆ ಎಡದಿಂದ, ಒಮ್ಮೆ ಬಲದಿಂದ, ಮೊಣಕೈಯವರೆಗಷ್ಟೇ ಕಾಣುವ ಒಂದು ಕಪ್ಪು ತೆಳ್ಳನೆಯ ಕೈ ಬಂದು ಎಲ್ಸಾಳಿಗೆ ಚೆಂಡು ಕೊಟ್ಟು ಮರೆಯಾಗುತ್ತಿತ್ತು. ಎಲ್ಸಾ ಜಿಗಿಯುತ್ತಿದ್ದಳು, ಚೆಂಡು ಬಲೆಗೆ ಬೀಳುತ್ತಿತ್ತು, ಚಪ್ಪಾಳೆ ಕೇಳುತ್ತಿತ್ತು. ಮತ್ತೆ ಅದೇ ಕೈ. ಎಲ್ಸಾಳ ಸುತ್ತ ಮೂವರು ಮುತ್ತಿದ್ದರೂ ಅವಳ ಬೆರಳು ಎಲ್ಲಿ ಬಿಡುವಾಗಿದೆಯೋ ಸರಿಯಾಗಿ ಅಲ್ಲಿಗೇ ಚೆಂಡು ಬರುತ್ತಿತ್ತು. ಒಂದು ಸಲ ಎಲ್ಸಾ ಬಿದ್ದಳು. ಆಗ ಒಂಬತ್ತನೇ ನಂಬರಿನ ಬೆನ್ನು ಪೂರ್ತಿ ಚಿತ್ರದೊಳಗೆ ಬಂತು. ಬಗ್ಗಿ ಎಬ್ಬಿಸಿ, ಎಲ್ಸಾಳ ಮೊಣಕಾಲಿನ ಧೂಳನ್ನು ತನ್ನ ಜೆರ್ಸಿಯ ತುದಿಯಿಂದ ಒರೆಸಿ, ಮತ್ತೆ ಅಂಚಿನಾಚೆ ಓಡಿಹೋಯಿತು. ಹ್ಯಾಝೆಲ್ ಎಣಿಸಿದಳು. ಎಲ್ಸಾ ಹಾಕಿದ್ದು ಹದಿಮೂರು ಬ್ಯಾಸ್ಕೆಟ್. ಹನ್ನೊಂದು ಆ ಕೈ ಕೊಟ್ಟದ್ದು.

ತಾನು ಕಣ್ಣಾರೆ ಕೂತು ನೋಡಿದ ಪಂದ್ಯ... ತನ್ನ ಕೈಯಾರೆ ಹಿಡಿದ ವಿಡಿಯೋ... ಹ್ಯಾಝೆಲ್ ದಿಂಬನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಗ್ರೆಟ್ಟಾಳಿಗೆ, ತೂತಾದ ಶೂವಿಗೆ, ಅಪ್ಪನಿಗೆ, ಎಲ್ಲದಕ್ಕೂ ಸೇರಿಸಿ ಅತ್ತಳು. ಅತ್ತು ಮುಗಿದ ಮೇಲೂ ಎದೆಯಲ್ಲಿ ಆ ಕಿಚ್ಚು ಇದ್ದೇ ಇತ್ತು. ಅದು ಆರಲಿ ಎಂದು ಕಾಯುತ್ತ ಕೂತರೆ ಭಾನುವಾರ ದಾಟಿಹೋಗುತ್ತದೆ ಎಂದು ಅವಳಿಗೆ ಗೊತ್ತಾಯಿತು. ಕಿಚ್ಚು ಇದ್ದಂತೆಯೇ ಮುಖ ತೊಳೆದುಕೊಂಡು ಝೊಹರಾ ಮೇಡಂಗೆ ಫೋನು ಮಾಡಿದಳು.

ಹೇಳುವುದಕ್ಕೆ ಎರಡು ನಿಮಿಷವೂ ಬೇಕಾಗಲಿಲ್ಲ. ಸುಳ್ಳು ತನ್ನದು, ಹುಡುಗಿಗಾಗಲಿ ಅವಳ ತಂದೆತಾಯಿಗಾಗಲಿ ಒಂದೂ ಗೊತ್ತಿಲ್ಲ ಎಂದಳು.

"ನನಗೆ ಸಿಟ್ಟು ಬರ್ತಾ ಉಂಟು, ಸುಳ್ಳು ಹೇಳುದಿಲ್ಲ" ಎಂದರು ಮೇಡಂ. "ಸೀಟು ಒಂದೇ ಅಂತ ಗೊತ್ತುಂಟಲ್ಲ ನಿಮಗೆ?"

"ಗೊತ್ತುಂಟು."

"ನಿಮ್ಮ ಮಗಳು?"

"ಅವಳೇ ಎತ್ತಿದ ಮಾತು ಇದು. ನಾನಾಗಿ ಈ ಫೋನ್ ಮಾಡ್ತಿರಲಿಲ್ಲ."

ಮೇಡಂ ಒಂದು ಉಸಿರು ಬಿಟ್ಟರು. "ನೋಡಿ, ಎಲ್ಲರ ಹಾಗೆ ಇಡೀ ಕೋರ್ಟು ಹಿಡಿದಿದ್ರೆ ಅವಳು ನನ್ನ ಕಣ್ಣಿಗೆ ಬೀಳ್ತಿರಲಿಲ್ಲವೋ ಏನೋ. ಹತ್ತು ಜನರಲ್ಲಿ ಒಬ್ಬಳಾಗ್ತಿದ್ದಳು. ನೀವು ಮಗಳ ಮೇಲಿಂದ ಕಣ್ಣು ತೆಗೀಲಿಲ್ಲ. ಇಷ್ಟು ಒಳ್ಳೆ ಬಾಲ್ ಪ್ರತಿ ಸಲ ಎಲ್ಲಿಂದ ಬರ್ತದಪ್ಪ ಅಂತ ನಾನು ಹುಡುಕುವ ಹಾಗೆ ಮಾಡಿದ್ರಿ. ಇನ್ನೊಂದು ವಿಡಿಯೋ ಬೇಡ. ಅವಳ ಅಮ್ಮನ ನಂಬರ್ ಕೊಡಿ."

ನಂಬರು ಕೊಡುವ ಮೊದಲು ಹೇಳಬೇಕಾದ ಒಬ್ಬಳಿದ್ದಳು. ಹ್ಯಾಝೆಲ್ ಲಿಫ್ಟು ಕರೆಯದೆ ಮೆಟ್ಟಿಲು ಹತ್ತಿದಳು. ಇಪ್ಪತ್ತು ಮೆಟ್ಟಿಲಿನಲ್ಲಿ ಎರಡು ಸಲ ಕಂಬಿ ಹಿಡಿದು ನಿಂತಳು. ಬಾಗಿಲು ತೆರೆದ ಬೆಲಿಂಡಾ ಸಂಜೆಯ ಡ್ಯೂಟಿಗೆ ಯೂನಿಫಾರ್ಮು ಇಸ್ತ್ರಿ ಮಾಡುತ್ತಿದ್ದಳು. ಕೂರಿ ಅಕ್ಕ ಎಂದಳು. ಹ್ಯಾಝೆಲ್ ಕೂರಲಿಲ್ಲ. ನಿಂತೇ ಎಲ್ಲ ಹೇಳಿದಳು, ಮುನ್ನಾದಿನದ ಕುನಾಫಾವನ್ನು ಮೇಲೆ ತಂದು ಕೊಡದಿದ್ದ ಕಾರಣವನ್ನೂ ಬಿಡದೆ.

ಬೆಲಿಂಡಾ ಬಗ್ಗಿ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿದಳು. ವೈರನ್ನು ನಿಧಾನವಾಗಿ ಸುತ್ತಿದಳು.

"ನಾನು ಸೈನ್ ಹಾಕಿ ಕೊಟ್ಟಿದ್ದೆ ಅಕ್ಕ" ಎಂದಳು. ಒಳಗಿನ ಕೋಣೆಯ ಮುಚ್ಚಿದ ಬಾಗಿಲನ್ನು ನೋಡಿ ದನಿ ತಗ್ಗಿಸಿದಳು. "ಜೋವಿ ಮಲಗಿದ್ದಾಳೆ. ಸೀಟು ಸಿಕ್ಕಿತು ಅಂತ ಮಾತ್ರ ಹೇಳ್ತೇನೆ ಅವಳಿಗೆ. ಉಳಿದದ್ದು ಬೇಡ. ಅವಳಿಗೆ ನೀವಂದ್ರೆ ಭಾರೀ ಇಷ್ಟ... ಅದು ಹಾಗೇ ಇರಲಿ. ಈಗ ನೀವು ಹೋಗಿ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಹ್ಯಾಝೆಲ್ ಹೇಗೆ ಮೆಟ್ಟಿಲಿಳಿದಳೋ ಅವಳಿಗೇ ನೆನಪಿಲ್ಲ.

ಆಮೇಲಿನ ದಿನಗಳು ಒಂದು ಕಟ್ಟಡದೊಳಗೆ ಎರಡು ಊರಾದ ಹಾಗೆ ಕಳೆದವು. ರೋಯ್ಸ್ಟನ್ ತಾನು ಕೆಲಸ ಮಾಡುವ ಜುಬೈಲಿನ ಕ್ಯಾಂಪಿನಿಂದ ಶುಕ್ರವಾರ ಬಂದಾಗ ಅಣ್ಣನನ್ನು ಕೆಳಗೆ ಕಾರಿನ ಹತ್ತಿರ ಕಂಡು ಮಾತಾಡಿಸಿ ಹೋಗುತ್ತಿದ್ದ, ಮೂರನೇ ಮಹಡಿಗೆ ಬರುತ್ತಿರಲಿಲ್ಲ. ಎದುರು ಸಿಕ್ಕರೆ ಬೆಲಿಂಡಾ ತಲೆಯಾಡಿಸುತ್ತಿದ್ದಳು, ನಿಲ್ಲುತ್ತಿರಲಿಲ್ಲ. ಮಕ್ಕಳಿಬ್ಬರು ಮಾತ್ರ ಮೊದಲಿನ ಹಾಗೆಯೇ ಇದ್ದರು. ಎಲ್ಸಾ ತಾನಾಗಿ ಎಲ್ಲವನ್ನೂ ಜೋವಿಟಾಳಿಗೆ ಹೇಳಿದ್ದಳೋ ಇಲ್ಲವೋ, ಹ್ಯಾಝೆಲ್ ಕೇಳುವ ಧೈರ್ಯ ಮಾಡಲಿಲ್ಲ. ಹೊರಡುವ ದಿನ ಜೋವಿಟಾ ಎಂದಿನಂತೆ ಓಡಿಬಂದು ಹ್ಯಾಝೆಲ್ ಆಂಟಿ ಎಂದು ಕೊರಳಿಗೆ ಜೋತುಬಿದ್ದಳು. ಅವಳ ಬೆನ್ನಿನ ಬ್ಯಾಗಿನ ಮೇಲೆ ಕೈಯಿಟ್ಟಾಗಲೂ ಹ್ಯಾಝೆಲ್‌ಳಿಗೆ, ಈ ಬ್ಯಾಗು ನನ್ನ ಮಗಳ ಬೆನ್ನಿಗಿರಬೇಕಿತ್ತು ಎನ್ನಿಸಿತು. ಹಾಗೆನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಎರಡನ್ನೂ ನುಂಗಿಕೊಂಡು, ದೇವರು ಒಳ್ಳೇದು ಮಾಡ್ಲಿ ಮಗಾ ಎಂದಳು. ಆ ಮಾತು ಮಾತ್ರ ನಿಜವಾಗಿಯೇ ಬಂತು.

ಬೆಲಿಂಡಾ ಮಗಳನ್ನು ಹಾಸ್ಟೆಲಿಗೆ ಬಿಟ್ಟು ಹತ್ತು ದಿನಕ್ಕೆ ಮರಳಿದಳು. ಎಲ್ಸಾ ಇಲ್ಲಿಯೇ ಹನ್ನೊಂದನೇ ತರಗತಿಗೆ ಹೋಗತೊಡಗಿದಳು. ಅವಳಿಗೀಗ ಚೆಂಡು ತಂದುಕೊಡುವವರು ಇರಲಿಲ್ಲ. ಮೊದಲ ಎರಡು ಪಂದ್ಯಗಳಲ್ಲಿ ಸುಮ್ಮನೆ ಕೈಚಾಚಿ ನಿಂತಳು. ಮೂರನೆಯದರಲ್ಲಿ, ಒಂಬತ್ತನೇ ತರಗತಿಯ ಒಬ್ಬ ಸಣ್ಣ ಹುಡುಗಿಗೆ ತಾನೇ ಚೆಂಡು ಕೊಡತೊಡಗಿದಳು. ಇದನ್ನು ಮನೆಯಲ್ಲಿ ಅವಳು ಹೇಳಲಿಲ್ಲ. ವಿಡಿಯೋದ ಅನುಮತಿ ಕೇಳದೆ, ಫೋನನ್ನು ಗೇಟಿನಲ್ಲಿ ಬಿಟ್ಟು, ಬರಿಗೈಯಲ್ಲಿ ಹೋಗಿ ಕೂತಿದ್ದ ಹ್ಯಾಝೆಲ್ ಇಡೀ ಅಂಗಳವನ್ನು ನೋಡುತ್ತ ಕಂಡುಕೊಂಡದ್ದು. ಮಂಗಳೂರಿನಿಂದ ಜೋವಿಟಾಳ ಹೊಸ ಜೆರ್ಸಿಯ ಫೋಟೋ ಎಲ್ಸಾಳ ಫೋನಿಗೆ ಬಂದಾಗ ಹ್ಯಾಝೆಲ್‌ಳ ಎದೆಯಲ್ಲಿ ಮುಳ್ಳು ಆಡಿತು. ಮುಳ್ಳನ್ನು ಈಗ ಅವಳು ಗುರುತಿಸುತ್ತಿದ್ದಳು. ಬಾ, ಕೂತುಕೋ ಎಂದು ಅದಕ್ಕೆ ಜಾಗ ಕೊಡುವುದನ್ನು ಮಾತ್ರ ಬಿಟ್ಟಿದ್ದಳು.

ಜೂನ್ ಕೊನೆಯ ಒಂದು ಮಧ್ಯಾಹ್ನ, ಹೊರಗೆ ರಸ್ತೆ ಬಿಸಿಲಿಗೆ ಬೆಳ್ಳಗೆ ಉರಿಯುತ್ತಿದ್ದಾಗ, ಬಾಗಿಲ ಗಂಟೆ ಸದ್ದು ಮಾಡಿತು. ಎಲ್ಸಾ ಶಾಲೆಯಲ್ಲಿದ್ದಳು, ಜಾರ್ಜ್ ಕೆಲಸದಲ್ಲಿ. ಹ್ಯಾಝೆಲ್ ಎರಡು ದಿನದ ಜ್ವರದಿಂದ ಎದ್ದವಳು, ಒಲೆ ಹಚ್ಚಿರಲಿಲ್ಲ. ಗೋಡೆ ಹಿಡಿದು ಬಂದು ಚಿಲಕ ತೆಗೆದಳು.

ಬೆಲಿಂಡಾ ನಿಂತಿದ್ದಳು. ಯೂನಿಫಾರ್ಮಿನಲ್ಲಿ, ಕೂದಲು ಬಿಗಿಯಾಗಿ ಕಟ್ಟಿ, ಡ್ಯೂಟಿಗೆ ಹೊರಟವಳ ಹಾಗೆ. ನಗಲಿಲ್ಲ. ಒಳಗೂ ಬರಲಿಲ್ಲ. ಒದ್ದೆ ಬಟ್ಟೆ ಸುತ್ತಿದ ಒಂದು ಪಾತ್ರೆ, ಅದರ ಮೇಲೆ ತಟ್ಟೆ ಮುಚ್ಚಿದ ಇನ್ನೊಂದು, ಎರಡನ್ನೂ ಎದೆಯ ಹತ್ತಿರ ಹಿಡಿದಿದ್ದಳು.

"ಜ್ವರ ಅಂತ ಕೋಯ ಹೇಳಿದ" ಎಂದಳು. "ಕುಚ್ಚಲಕ್ಕಿ ಗಂಜಿ, ಸ್ವಲ್ಪ ಮೀನು. ಒಬ್ಬಳಿಗೆ ಅಂತ ಬೇಯಿಸಲಿಕ್ಕೆ ನನಗಿನ್ನೂ ಅಳತೆ ಸಿಗುದಿಲ್ಲ."

ಹ್ಯಾಝೆಲ್ ಎರಡೂ ಕೈ ಚಾಚಿದಳು.

"ಬಿಸಿ ಉಂಟು. ಅಡಿಯಿಂದ ಹಿಡೀರಿ" ಎಂದಳು ಬೆಲಿಂಡಾ. ಹಿಡಿತ ಸರಿಯಾಗುವವರೆಗೆ ತನ್ನ ಕೈ ಬಿಡದೆ ನಿಂತು, ಆಮೇಲೆ ಬಿಟ್ಟಳು.